ಟೆಸರಾಕ್ಟ್ ಚೈಲ್ಡ್ ಪ್ರೊಸೆಸ್ ಪ್ರತಿ ಸಲವೂ 170ನೆಯ ಪುಟದ ಬಳಿ ನಿಲ್ಲುತ್ತಿದೆ, ದೋಷದ ಒಂದು ಸಾಲೂ ಬರುತ್ತಿಲ್ಲ

ನಾಲೆಏರಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಒಂಬತ್ತು ದಿನಗಳಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೇನೆ. ಯಾವ ವಿವರ ಮುಖ್ಯವೆಂದು ನನಗೇ ತಿಳಿಯದ ಕಾರಣ ಎಲ್ಲವನ್ನೂ ಬರೆಯುತ್ತಿದ್ದೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ನಮ್ಮೂರು ವಿಶ್ವೇಶ್ವರಯ್ಯ ನಾಲಾ ಬಯಲಿನದು. ಊರಿನ ವಾಚನಾಲಯದಲ್ಲಿ ರೈತರಿಗಾಗಿ ಬರುತ್ತಿದ್ದ ಒಂದು ಮಾಸಪತ್ರಿಕೆಯ ಹನ್ನೊಂದು ವರ್ಷಗಳ ಸಂಚಿಕೆಗಳನ್ನು ವರ್ಷಕ್ಕೊಂದು ಸಂಪುಟವಾಗಿ ಬೈಂಡ್ ಮಾಡಿಸಿ ಇಟ್ಟಿದ್ದಾರೆ. ಕಬ್ಬಿನ ತಳಿ, ಭತ್ತದ ಬೆಂಕಿ ರೋಗ, ನಾಲೆ ನೀರಿನ ಸರದಿ, ಬೆಲ್ಲದ ಧಾರಣೆ, ಓದುಗರ ಪತ್ರಗಳು, ಎಲ್ಲವೂ ಮೊಳೆ ಜೋಡಿಸಿ ಅಚ್ಚು ಹಾಕಿದ ಪುಟಗಳು. ಅವುಗಳಲ್ಲಿ ಒಂದರಲ್ಲಿ ನಮ್ಮ ಅಪ್ಪ ಬರೆದ ಪತ್ರವೂ ಇದೆ. ಯಾವ ವರ್ಷವೆಂದು ಅವರಿಗೆ ನೆನಪಿಲ್ಲ. ಕಳೆದ ಮಳೆಗಾಲದಲ್ಲಿ ಗೋಡೆ ಸೋರಿ ಎರಡು ಸಂಪುಟಗಳ ಅಂಚಿಗೆ ಬೂಷ್ಟು ಹಿಡಿದದ್ದನ್ನು ಕಂಡು ಹೊಟ್ಟೆ ಉರಿಯಿತು. ಎಲ್ಲವನ್ನೂ ಅಂಗಡಿಗೆ ತಂದು ನಾನೇ ಸ್ಕ್ಯಾನ್ ಮಾಡಿದೆ. ಒಟ್ಟು ಸುಮಾರು 3,100 ಪುಟ.

ಈಗ ಅವುಗಳನ್ನು ಪಠ್ಯವಾಗಿಸಬೇಕು. ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ‘ಕೆಎಎನ್’ ಎಂಬ ಕನ್ನಡದ ಭಾಷಾಕಡತ ಕೊಟ್ಟು ಓದಿಸುತ್ತಿದ್ದೇನೆ. ಅದನ್ನು ನಡೆಸುವ ಪ್ರೋಗ್ರಾಂ ಜಾವಾಸ್ಕ್ರಿಪ್ಟ್‌ನದು, ಅದನ್ನು ಓಡಿಸುವುದು ನೋಡ್‌ನ 20ನೆಯ ಆವೃತ್ತಿ. ಅಂಗಡಿಯ ಗಣಕದಲ್ಲಿ ನಾಲ್ಕು ಕೋರ್, 8 ಜಿಬಿ ಮೆಮೊರಿ, ಉಬುಂಟು 22.04. ಉಬುಂಟುವಿನ ಭಂಡಾರದಲ್ಲಿ ಬರುವುದು ಟೆಸರಾಕ್ಟ್‌ನ 4ನೆಯ ಆವೃತ್ತಿಯಾದ್ದರಿಂದ ಅದನ್ನು ತೆಗೆದುಹಾಕಿ, 5ನೆಯ ಆವೃತ್ತಿಯನ್ನು ಮೂಲದಿಂದಲೇ ಕಂಪೈಲ್ ಮಾಡಿ ಹಾಕಿಕೊಂಡಿದ್ದೇನೆ.

ಬೇರೊಂದು ಪ್ರೋಗ್ರಾಂ ಅನ್ನು ಚೈಲ್ಡ್ ಪ್ರೊಸೆಸ್ ಆಗಿ ಹುಟ್ಟಿಸಲು ಮೊದಲು ಪುಟಕ್ಕೊಂದು ‘ಎಕ್ಸೆಕ್’ ಎಂಬ ನೋಡ್ ಫಂಕ್ಷನ್ ಕರೆಯುತ್ತಿದ್ದೆ. ಲೂಪ್ ಒಳಗೆ ಕಾಯದೆ ಕರೆದದ್ದರಿಂದ ಒಂದು ಸಂಪುಟದ ಅಷ್ಟೂ ಪುಟಗಳಿಗೆ ಒಟ್ಟಿಗೆ ಪ್ರೊಸೆಸ್ ಹುಟ್ಟಿ, ಮೌಸ್ ಕೂಡ ಅಲ್ಲಾಡಲಿಲ್ಲ. ಅದು ನನ್ನ ತಪ್ಪೆಂದು ತಿಳಿದು ತಿದ್ದಿಕೊಂಡೆ. ಈಗ ಅದೇ ಕೆಲಸದ ಇನ್ನೊಂದು ಫಂಕ್ಷನ್ ‘ಸ್ಪಾನ್’ ಬಳಸುತ್ತೇನೆ. ಒಂದು ಸಂಪುಟದ ಚಿತ್ರಗಳ ಹೆಸರುಗಳನ್ನೆಲ್ಲ ಸಾಲಾಗಿ ಒಂದು ಪಟ್ಟಿ ಕಡತದಲ್ಲಿ ಬರೆದು ಟೆಸರಾಕ್ಟ್‌ಗೆ ಕೊಟ್ಟರೆ ಅದು ಒಂದೊಂದಾಗಿ ಓದಿ, ನಾನು ಹೇಳಿದ ಪಠ್ಯ ಕಡತಕ್ಕೆ ಬರೆಯುತ್ತದೆ. ಏಕಕಾಲಕ್ಕೆ ನಾಲ್ಕು ಸಂಪುಟ, ನಾಲ್ಕು ಪ್ರೊಸೆಸ್.

ಮೊದಲ ಎರಡು ವರ್ಷದ ಸಂಪುಟಗಳು ತೆಳ್ಳಗಿದ್ದವು, ತಲಾ 144 ಪುಟ. ಅವು ಸರಾಗವಾಗಿ ಮುಗಿದವು. ಮೂರನೆಯದರಿಂದ ಪ್ರತಿಯೊಂದರಲ್ಲೂ 300ಕ್ಕಿಂತ ಹೆಚ್ಚು ಪುಟಗಳಿವೆ. ಅವೆಲ್ಲ ಸುಮಾರು 170ನೆಯ ಪುಟದವರೆಗೆ ಹೋಗಿ ನಿಂತುಬಿಡುತ್ತವೆ. ಒಂದು 168ರಲ್ಲಿ, ಇನ್ನೊಂದು 173ರಲ್ಲಿ, ಮತ್ತೊಂದು 171ರಲ್ಲಿ. ಪ್ರೊಸೆಸ್ ಸತ್ತಿಲ್ಲ. ಪಟ್ಟಿಯಲ್ಲಿ ಹೆಸರು ಇದೆ, ಸಿಪಿಯು ಬಳಕೆ ಸೊನ್ನೆ. ರಾತ್ರಿ ಹಚ್ಚಿ ಹೋಗಿ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೂ ಅಲ್ಲೇ. ‘ಕಿಲ್ -9’ ಕೊಟ್ಟು ಕೊಂದರೆ ನನ್ನ ಪ್ರೋಗ್ರಾಂ ಮುಂದಿನ ಸಂಪುಟ ಎತ್ತಿಕೊಳ್ಳುತ್ತದೆ, ಅದೂ ಅಷ್ಟೇ ದೂರ ಹೋಗಿ ನಿಲ್ಲುತ್ತದೆ.

ಆ ಪುಟಗಳ ಚಿತ್ರದಲ್ಲೇ ದೋಷವಿರಬಹುದೆಂದು 165ರಿಂದ 180ರವರೆಗಿನ ಪುಟಗಳನ್ನು ಬಿಡಿಯಾಗಿ ಟರ್ಮಿನಲ್‌ನಲ್ಲಿ ಓಡಿಸಿದೆ. ಎಲ್ಲವೂ ಸರಿಯಾಗಿ ಬಂದವು. ಟೆಸರಾಕ್ಟ್ ಬರೆಯುವುದು ಕಡತಕ್ಕೆ, ಆದ್ದರಿಂದ ಅದರಿಂದ ನಾನು ಓದಿಕೊಳ್ಳಬೇಕಾದದ್ದು ಏನೂ ಇಲ್ಲ. ‘ಎಕ್ಸಿಟ್’ ಇವೆಂಟ್‌ಗೆ ಕಾಯುತ್ತೇನೆ, ಅಷ್ಟೆ. ಮೆಮೊರಿ ಕೂಡ ಅರ್ಧಕ್ಕಿಂತ ಹೆಚ್ಚು ಖಾಲಿ ಇದೆ. ಎಲ್ಲಿ ನೋಡಬೇಕು?


ಕೆರೆದಂಡೆ, ಮೈಸೂರು

ನಾಲೆಏರಿ ಅವರೇ, ನೀವು ಎಲ್ಲವನ್ನೂ ಬರೆದದ್ದು ಒಳ್ಳೆಯದೇ ಆಯಿತು. ಉತ್ತರ ನಿಮ್ಮ ಪತ್ರದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. 144 ಪುಟದವು ಮುಗಿಯುತ್ತವೆ, 300 ಪುಟದವು ಎಲ್ಲವೂ 170ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಬೇರೆ ಬೇರೆ ವರ್ಷದ ಬೇರೆ ಬೇರೆ ಚಿತ್ರಗಳು ಒಂದೇ ಎಣಿಕೆಯಲ್ಲಿ ಕೆಡುವುದಿಲ್ಲ. ಎಣಿಕೆಗೆ ಅಂಟಿಕೊಂಡು ನಿಲ್ಲುತ್ತಿದೆಯೆಂದರೆ ಎಲ್ಲೋ ಏನೋ ತುಂಬುತ್ತಿದೆ.

ನಿಮ್ಮ ಒಂದು ವಾಕ್ಯದ ಮೇಲೆ ನನಗೆ ಅನುಮಾನ: ‘ಅದರಿಂದ ನಾನು ಓದಿಕೊಳ್ಳಬೇಕಾದದ್ದು ಏನೂ ಇಲ್ಲ’. ಟೆಸರಾಕ್ಟ್ ಪಠ್ಯವನ್ನು ಕಡತಕ್ಕೆ ಬರೆಯುತ್ತದೆ, ನಿಜ. ಆದರೆ ಅದರ ಜೊತೆಗೆ ಪ್ರತಿ ಪುಟಕ್ಕೂ ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ಎಚ್ಚರಿಕೆಯ ಸಾಲುಗಳಿಗೆಂದು ಇರುವ ಬೇರೆ ಹೊರದಾರಿಗೆ, ಒಂದಿಷ್ಟು ಮಾತಾಡುತ್ತದೆ. ಎಷ್ಟನೆಯ ಪುಟ, ಯಾವ ಕಡತ, ಚಿತ್ರದಲ್ಲಿ ಡಿಪಿಐ ನಮೂದಾಗಿಲ್ಲ ಎಂಬ ಎಚ್ಚರಿಕೆ, ಅಂದಾಜು ಮಾಡಿದ ರೆಸಲ್ಯೂಷನ್, ಇಷ್ಟು ಡಯಾಕ್ರಿಟಿಕ್ ಚಿಹ್ನೆಗಳು ಕಂಡವು ಎಂಬ ಸಾಲು. 1980ರ ದಶಕದಲ್ಲಿ ಎಚ್‌ಪಿ ಪ್ರಯೋಗಾಲಯದಲ್ಲಿ ಹುಟ್ಟಿದ ತಂತ್ರಾಂಶ ಅದು, ಟರ್ಮಿನಲ್ ಮುಂದೆ ಒಬ್ಬರು ಕುಳಿತು ನೋಡುತ್ತಿದ್ದಾರೆ ಎಂದುಕೊಂಡೇ ಮಾತಾಡುತ್ತದೆ. ಟರ್ಮಿನಲ್‌ನಲ್ಲಿ ಓಡಿಸಿದಾಗ ಆ ಸಾಲುಗಳು ಪರದೆಗೆ ಬಂದು ಹೋಗುತ್ತವೆ. ಆದರೆ ‘ಸ್ಪಾನ್’ಗೆ ನೀವು ಬೇರೇನೂ ಹೇಳದಿದ್ದರೆ ಚೈಲ್ಡ್‌ನ ಇನ್‌ಪುಟ್, ಔಟ್‌ಪುಟ್, ಎರರ್ ಮೂರಕ್ಕೂ ಒಂದೊಂದು ಕೊಳವೆ ಜೋಡಿಸಿ ಇನ್ನೊಂದು ತುದಿಯನ್ನು ನಿಮ್ಮ ಕೈಗೆ ಕೊಡುತ್ತದೆ. ಆ ತುದಿಯಿಂದ ಯಾರೂ ಓದದಿದ್ದರೆ ಕೊಳವೆ ತುಂಬುತ್ತದೆ. ತುಂಬಿದ ಮೇಲೆ ಬರೆಯಲು ಹೋದ ಚೈಲ್ಡ್‌ನನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಅಲ್ಲೇ ಮಲಗಿಸುತ್ತದೆ. ಇದು ದೋಷವಲ್ಲ, ಜಾಗವಾಗಲಿ ಎಂದು ಕಾಯುವುದು ಅಷ್ಟೆ. ಆದ್ದರಿಂದಲೇ ನಿಮಗೆ ದೋಷದ ಸಾಲು ಕಾಣುತ್ತಿಲ್ಲ, ಸಿಪಿಯು ಕೂಡ ಸೊನ್ನೆ.

‘ಎಕ್ಸೆಕ್’ ಇದ್ದಾಗ ಹೀಗೆ ನಿಲ್ಲದಿರಲು ಕಾರಣ, ಅದು ಎರಡೂ ಕೊಳವೆಗಳನ್ನು ತಾನೇ ಓದಿ ಕೂಡಿಡುತ್ತದೆ. ಅದಕ್ಕೆ ಬೇರೊಂದು ಮಿತಿ ಇದೆ. ಕೂಡಿಟ್ಟದ್ದು 1,024 ಕೆಬಿ ಮೀರಿದರೆ ಚೈಲ್ಡ್‌ನನ್ನೇ ಕೊಂದುಬಿಡುತ್ತದೆ.

ನನ್ನ ಮಾತನ್ನು ನಂಬಿ ತಿದ್ದಬೇಡಿ, ಎರಡು ಪರೀಕ್ಷೆ ಮಾಡಿ ನೋಡಿ. ಪಟ್ಟಿ ಕಡತವನ್ನು ತಲೆಕೆಳಗು ಮಾಡಿ ಕೊನೆಯ ಪುಟದಿಂದ ಆರಂಭಿಸಿ. ಆಗಲೂ ಎಣಿಕೆಯಲ್ಲಿ 170ರ ಹತ್ತಿರವೇ ನಿಂತರೆ ಚಿತ್ರಗಳು ನಿರಪರಾಧಿಗಳು. ಆಮೇಲೆ, ನಿಂತಿರುವ ಪ್ರೊಸೆಸ್‌ನ ಸಂಖ್ಯೆ ಕೊಟ್ಟು ‘ಎಸ್‌ಟ್ರೇಸ್’ ಓಡಿಸಿ. ಅದಕ್ಕೆ ‘ಸುಡೊ’, ಅಂದರೆ ನಿರ್ವಾಹಕರ ಅಧಿಕಾರ, ಬೇಕಾಗುತ್ತದೆ. ಅದು ಯಾವ ಕರೆಯಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ತೋರಿಸುತ್ತದೆ.


ಒಂದೇಸಾಲು, ಶ್ರೀರಂಗಪಟ್ಟಣ

ಇಷ್ಟಕ್ಕೆ ಜಾವಾಸ್ಕ್ರಿಪ್ಟ್ ಏಕೆ ಬೇಕು? ಶೆಲ್‌ನಲ್ಲಿ ‘ಎಕ್ಸ್‌ಆರ್ಗ್ಸ್’ಗೆ ದೊಡ್ಡ ಅಕ್ಷರದ ‘ಪಿ’ ಆಯ್ಕೆ ಮತ್ತು 4 ಎಂಬ ಅಂಕಿ ಕೊಟ್ಟರೆ ನಾಲ್ಕು ನಾಲ್ಕಾಗಿ ತಾನೇ ಓಡಿಸುತ್ತದೆ. ಒಂದು ಮುಗಿದರೆ ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಎರರ್ ಸಾಲುಗಳು ಪರದೆಗೆ ಬರುತ್ತವೆ, ಯಾವ ಕೊಳವೆಯೂ ತುಂಬುವುದಿಲ್ಲ. 3,100 ಪುಟ ಒಂದು ಬಾರಿಯ ಕೆಲಸ. ಅದಕ್ಕಾಗಿ ಒಂಬತ್ತು ದಿನ ಕಳೆದದ್ದು ನೋಡಿ ನನಗೆ ಸಂಕಟವಾಯಿತು.


ನಾಲೆಏರಿ, ಮಂಡ್ಯ

ಒಂದೇಸಾಲು ಅವರೇ, ನಿಮ್ಮ ಕಾಳಜಿಗೆ ಧನ್ಯವಾದ. ಬರೀ ಓದಿಸುವ ಕೆಲಸವಾಗಿದ್ದರೆ ನಿಮ್ಮ ಮಾತೇ ಸರಿ. ಆದರೆ ಓದಿದ ಪುಟ ಮುಗಿದ ಕೂಡಲೇ ಇನ್ನೊಂದು ಪರದೆಯಲ್ಲಿ ಕಾಣಿಸಿಕೊಳ್ಳಬೇಕು. ಅಲ್ಲಿ ನಮ್ಮೂರಿನ ಇಬ್ಬರು ನಿವೃತ್ತ ಮೇಷ್ಟ್ರು ಮತ್ತು ನಮ್ಮ ಅಪ್ಪ ಕುಳಿತು ಒತ್ತಕ್ಷರಗಳನ್ನು ತಿದ್ದುತ್ತಾರೆ. ಬೇಡವಾದಾಗ ನಿಲ್ಲಿಸಲು ಒಂದು ಗುಂಡಿ ಇರಬೇಕು. ಅದಕ್ಕಾಗಿ ಇದನ್ನು ಹಿಡಿದದ್ದು.

ಕೆರೆದಂಡೆ ಅವರೇ, ನಿಮಗೆ ಕೈ ಮುಗಿಯುತ್ತೇನೆ. ಪಟ್ಟಿಯನ್ನು ತಿರುಗಿಸಿ ಕೊಟ್ಟೆ. ಹಿಂದಿನಿಂದ ಎಣಿಸಿ 171ನೆಯದರಲ್ಲಿ ನಿಂತಿತು. ‘ಎಸ್‌ಟ್ರೇಸ್’ ಹಚ್ಚಿದೆ. ಪರದೆಯಲ್ಲಿ ಬಂದದ್ದು ಒಂದೇ ಒಂದು ಸಾಲು. ‘ರೈಟ್’ ಎಂಬ ಕರೆ, ಅದಕ್ಕೆ ಸ್ಟ್ಯಾಂಡರ್ಡ್ ಎರರ್‌ನ ಗುರುತಾದ 2 ಎಂಬ ಅಂಕಿ, ನಂತರ 19 ಡಯಾಕ್ರಿಟಿಕ್ ಕಂಡವು ಎಂಬ ಇಂಗ್ಲಿಷ್ ವಾಕ್ಯ, ಕೊನೆಗೆ 23 ಎಂಬ ಬೈಟ್ ಲೆಕ್ಕ. ಆವರಣ ಚಿಹ್ನೆ ಮುಚ್ಚಿಯೇ ಇರಲಿಲ್ಲ. 23 ಬೈಟ್‌ಗಳನ್ನು ಹೊರಗೆ ಹಾಕಲು ಜಾಗವಿಲ್ಲದೆ ಆ ಪ್ರೊಸೆಸ್ ಇಡೀ ರಾತ್ರಿ ಬಾಯಿ ತೆರೆದುಕೊಂಡು ನಿಂತಿತ್ತು. ಅದನ್ನು ನೋಡಿದಾಗ ಅಯ್ಯೋ ಅನ್ನಿಸಿತು, ಯಂತ್ರದ ಮೇಲೆ ಮರುಕ ಬಂತು.

ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ನಮ್ಮದು ಆಲೆಮನೆ ನಡೆಸಿದ ಮನೆ. ಗಾಣದಿಂದ ಕಬ್ಬಿನ ಹಾಲು ತೊಟ್ಟಿಗೆ ಬೀಳುತ್ತದೆ, ತೊಟ್ಟಿಯಿಂದ ಕೊಪ್ಪರಿಗೆಗೆ ಬಿಡಬೇಕು. ಅಪ್ಪ ಪಾಕದ ಹದ ನೋಡುತ್ತಾ ಮೈಮರೆತು ತೊಟ್ಟಿಯ ಕಡೆ ಗಮನ ಕೊಡದಿದ್ದರೆ, ಗಾಣಕ್ಕೆ ಕಬ್ಬು ಕೊಡುವವನು ಯಂತ್ರ ನಿಲ್ಲಿಸಿ ಸುಮ್ಮನೆ ಕುಳಿತಿರುತ್ತಿದ್ದ. ಜಲ್ಲೆ ಅರ್ಧಕ್ಕೆ ಕಚ್ಚಿಕೊಂಡು ನಿಂತಿರುತ್ತಿತ್ತು. ಅವನದೇನೂ ತಪ್ಪಿಲ್ಲ, ಕಬ್ಬಿನದೂ ಇಲ್ಲ. ನಾನು ಒಂಬತ್ತು ದಿನ ಕಬ್ಬಿನ ಜಲ್ಲೆಯನ್ನು ಪರೀಕ್ಷಿಸುತ್ತಾ ಕುಳಿತಿದ್ದೆ.

‘ಎಸ್‌ಟಿಡಿಐಓ’ ಆಯ್ಕೆಯಲ್ಲಿ ಎರರ್‌ನದಾದ ಮೂರನೆಯ ಸ್ಥಾನಕ್ಕೆ ಒಂದು ಲಾಗ್ ಕಡತವನ್ನು ತೆರೆದು ಕೊಟ್ಟೆ. 312 ಪುಟದ ಸಂಪುಟ ಒಂದೇ ಉಸಿರಿಗೆ ಮುಗಿಯಿತು.

ಎರಡು ಪ್ರಶ್ನೆ ಉಳಿದಿವೆ. ಒಂದು, ಆ ಲಾಗ್ ಕಡತದ ಗಾತ್ರ ನೋಡಿದರೆ ಇಡೀ ಸಂಪುಟಕ್ಕೆ 48 ಕೆಬಿ ಮಾತ್ರ. ಲಿನಕ್ಸ್ ಪೈಪ್ 64 ಕೆಬಿ ಹಿಡಿಯುತ್ತದೆ ಎಂದು ಓದಿದೆ. ಹಾಗಿದ್ದರೆ ಅರ್ಧ ದಾರಿಯಲ್ಲೇ ತುಂಬಿದ್ದು ಹೇಗೆ?

ಎರಡು, ಪುಟ ಮುಗಿದಂತೆಲ್ಲ ಪರದೆಗೆ ಬರಲಿ ಎಂದು ಈಗ ಪಠ್ಯವನ್ನು ಕಡತದ ಬದಲು ಸ್ಟ್ಯಾಂಡರ್ಡ್ ಔಟ್‌ಪುಟ್‌ನಿಂದಲೇ ತೆಗೆದುಕೊಳ್ಳುತ್ತಿದ್ದೇನೆ. ‘ಡೇಟಾ’ ಇವೆಂಟ್‌ನಲ್ಲಿ ಬಂದದ್ದನ್ನು ಸ್ಟ್ರಿಂಗ್ ಮಾಡಿ ಹಿಂದಿನದಕ್ಕೆ ಸೇರಿಸುತ್ತೇನೆ. ಅಲ್ಲೊಂದು ಇಲ್ಲೊಂದು ಅಕ್ಷರ ಒಡೆದು, ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆ ಇರುವ ಗುರುತು ಬರುತ್ತಿದೆ. ಒಂದು ಕಡೆ ‘ನಾಲೆ’ ಎಂಬುದರ ‘ಲೆ’ ಹಾಗಾಗಿದೆ. ಅದೇ ಪುಟವನ್ನು ಕಡತಕ್ಕೆ ಬರೆಸಿದರೆ ಸರಿಯಾಗಿದೆ.


ಕೆರೆದಂಡೆ, ಮೈಸೂರು

ಮೊದಲನೆಯ ಪ್ರಶ್ನೆ ಬಹಳ ಚೆನ್ನಾಗಿದೆ. ನಾವು ಮಾತಿಗೆ ಪೈಪ್ ಎನ್ನುತ್ತೇವೆ. ಆದರೆ ಲಿನಕ್ಸ್‌ನಲ್ಲಿ ನೋಡ್ ಚೈಲ್ಡ್‌ಗೆ ಜೋಡಿಸುವುದು ಶೆಲ್ ಬಳಸುವಂಥ ಪೈಪ್ ಅಲ್ಲ, ಯುನಿಕ್ಸ್ ಸಾಕೆಟ್ ಜೋಡಿ. 65,536 ಬೈಟ್ ಎಂಬ ಲೆಕ್ಕ ಪೈಪ್‌ನದು. ಸಾಕೆಟ್‌ನಲ್ಲಿ ಕರ್ನಲ್ ಪ್ರತಿ ಬರಹಕ್ಕೂ ಅದರ ಬೈಟ್‌ಗಳ ಜೊತೆಗೆ ತನ್ನ ನಿರ್ವಹಣೆಯ ಮೆಮೊರಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 23 ಬೈಟ್‌ಗಳ ಪುಟ್ಟ ಸಾಲಿಗೂ ಅದು ನೂರಾರು ಬೈಟ್‌ಗಳ ಬಾಡಿಗೆ ವಸೂಲಿ ಮಾಡುತ್ತದೆ. ಟೆಸರಾಕ್ಟ್ ಪುಟಕ್ಕೆ ನಾಲ್ಕು ಚಿಕ್ಕ ಸಾಲುಗಳನ್ನು ಬಿಡಿಬಿಡಿಯಾಗಿ ಬರೆಯುವುದರಿಂದ ಜಾಗ ಬೇಗ ಮುಗಿಯುತ್ತದೆ. ನೋಡ್ ಕೂಡ ಮೊದಲಿಗೆ ಸ್ವಲ್ಪ ಓದಿ ತನ್ನ ಬಳಿ ಇಟ್ಟುಕೊಂಡು, ನೀವು ಕೇಳುವುದಿಲ್ಲವೆಂದು ಕಂಡ ಮೇಲೆ ಓದುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಎಷ್ಟಕ್ಕೆ ತುಂಬುತ್ತದೆ ಎಂಬ ಅಂಕಿಯನ್ನು ನೆಚ್ಚಿಕೊಂಡು ಯಾವ ನಿರ್ಧಾರವನ್ನೂ ಮಾಡಬೇಡಿ. ಓದಿ, ಇಲ್ಲವೇ ಕಡತಕ್ಕೆ ತಿರುಗಿಸಿ, ಇಲ್ಲವೇ ‘ಇಗ್ನೋರ್’ ಎನ್ನಿ. ಈ ಮೂರರಲ್ಲಿ ಒಂದನ್ನು ಎರಡೂ ಕೊಳವೆಗಳಿಗೆ ಮಾಡಲೇಬೇಕು.

ಒಡೆದ ಅಕ್ಷರದ ವಿಷಯ ಕನ್ನಡದವರಾದ ನಾವು ಚೆನ್ನಾಗಿ ತಿಳಿದಿರಬೇಕಾದದ್ದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರ ಒಂದು ಬೈಟ್. ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್. ಗುಣಿತದ ಚಿಹ್ನೆಗೂ ಬೇರೆ ಮೂರು. ‘ಮೈಸೂರು’ ನೋಡಿ: ಮ, ಐತ್ವ, ಸ, ಊಕಾರದ ಕೊಂಬು, ರ, ಉಕಾರದ ಕೊಂಬು. ಆರು ಸಂಕೇತ, 18 ಬೈಟ್. ‘ಕ್ಷ’ ಕಣ್ಣಿಗೆ ಒಂದೇ ಅಕ್ಷರ, ಒಳಗೆ ಕ, ಹಲಂತ ಚಿಹ್ನೆ, ಷ ಸೇರಿ 9 ಬೈಟ್. ಕೊಳವೆಯಲ್ಲಿ ಬರುವುದು ಬೈಟ್‌ಗಳು ಮಾತ್ರ. ತುಂಡು ಎಲ್ಲಿ ಮುರಿಯಬೇಕೆಂಬುದಕ್ಕೆ ಅಕ್ಷರದ ಹಂಗಿಲ್ಲ. 4,096 ಬೈಟ್‌ಗಳ ತುಂಡು ಬಂದಿತೆನ್ನಿ. ಬರೀ ಕನ್ನಡವಿದ್ದರೆ 1,365 ಸಂಕೇತಗಳಾಗಿ ಒಂದು ಬೈಟ್ ಉಳಿಯುತ್ತದೆ. ಆ ಒಂಟಿ ಬೈಟ್ ಈ ತುಂಡಿನ ಕೊನೆಯಲ್ಲಿ, ಅದರ ಇಬ್ಬರು ಒಡಹುಟ್ಟಿದವರು ಮುಂದಿನ ತುಂಡಿನ ಆರಂಭದಲ್ಲಿ. ನೀವು ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ಸ್ಟ್ರಿಂಗ್ ಮಾಡಿದರೆ ಎರಡೂ ಕಡೆ ಅರ್ಥವಾಗದೆ ಆ ವಜ್ರದ ಗುರುತು ಬೀಳುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಇದೇ ಕೋಡ್ ವರ್ಷಗಟ್ಟಲೆ ತೊಂದರೆಯಿಲ್ಲದೆ ಓಡುತ್ತದೆ, ಆದ್ದರಿಂದ ಬಹಳಷ್ಟು ಉದಾಹರಣೆಗಳಲ್ಲಿ ಈ ತಪ್ಪು ಹಾಗೆಯೇ ಉಳಿದಿದೆ.

ಪರಿಹಾರ ಒಂದೇ ಸಾಲು. ಕೇಳಲು ಆರಂಭಿಸುವ ಮೊದಲೇ ಚೈಲ್ಡ್‌ನ ಔಟ್‌ಪುಟ್‌ಗೆ ‘ಸೆಟ್‌ಎನ್‌ಕೋಡಿಂಗ್’ ಕರೆದು ಯುಟಿಎಫ್-8 ಎಂದು ಹೇಳಿ. ಆಮೇಲೆ ನೋಡ್ ಅರ್ಧ ಬಂದ ಬೈಟ್‌ಗಳನ್ನು ಹಿಡಿದಿಟ್ಟುಕೊಂಡು ಮುಂದಿನ ತುಂಡಿನೊಂದಿಗೆ ಕೂಡಿಸಿಯೇ ಕೊಡುತ್ತದೆ.

ಔಟ್‌ಪುಟ್ ಓದುತ್ತಿದ್ದೀರಿ ಎಂದಾದರೆ ‘ಎಕ್ಸಿಟ್’ಗೆ ಕಾಯಬೇಡಿ, ‘ಕ್ಲೋಸ್’ಗೆ ಕಾಯಿರಿ. ಪ್ರೊಸೆಸ್ ಮುಗಿದಾಗ ‘ಎಕ್ಸಿಟ್’ ಬರುತ್ತದೆ, ಆದರೆ ಕೊಳವೆಯಲ್ಲಿ ಇನ್ನೂ ಪಠ್ಯ ಉಳಿದಿರಬಹುದು. ಕೊಳವೆಗಳೂ ಬರಿದಾಗಿ ಮುಚ್ಚಿದ ಮೇಲೆ ಬರುವುದು ‘ಕ್ಲೋಸ್’.

ಕೊನೆಯದಾಗಿ, ನೀವು ಕೇಳದೇ ಇದ್ದರೂ ಒಂದು ಮಾತು ನನ್ನನ್ನು ಕಾಡುತ್ತಿದೆ. ‘ಕಿಲ್ -9’ ಕೊಟ್ಟಾಗ ನಿಮ್ಮ ಪ್ರೋಗ್ರಾಂ ಮುಂದಿನ ಸಂಪುಟ ಎತ್ತಿಕೊಂಡಿತು ಎಂದು ಬರೆದಿದ್ದೀರಿ. ಏಕೆ ಎತ್ತಿಕೊಂಡಿತು? ಹಿಂದಿನದು ವಿಫಲವಾಯಿತೆಂದು ಎಲ್ಲಾದರೂ ಗುರುತು ಮಾಡಿತೇ? ಸಿಗ್ನಲ್‌ನಿಂದ ಸತ್ತ ಚೈಲ್ಡ್‌ಗೆ ಎಕ್ಸಿಟ್ ಕೋಡ್ ಇರುವುದಿಲ್ಲ, ‘ನಲ್’ ಬರುತ್ತದೆ. ಸಿಗ್ನಲ್‌ನ ಹೆಸರು ಎರಡನೆಯ ಆರ್ಗ್ಯುಮೆಂಟ್‌ನಲ್ಲಿ ಬರುತ್ತದೆ. ನೀವು ‘ಕೋಡ್ ಇದ್ದರೆ ದೋಷ’ ಎಂದು ಬರೆದಿದ್ದರೆ ‘ನಲ್’ ಆ ಜಾಲರಿಯಲ್ಲಿ ಸೋರಿಹೋಗಿ ಯಶಸ್ಸೆಂದು ದಾಖಲಾಗಿರುತ್ತದೆ. ‘ಕೋಡ್ ಸೊನ್ನೆಗೆ ಸರಿಸಮ’ ಎಂದು ಪರೀಕ್ಷಿಸಿದರೆ ಮಾತ್ರ ಕ್ಷೇಮ. ದಯವಿಟ್ಟು ಇವತ್ತೇ ನೋಡಿ.


ಹಳೆಯಸರ್ವರ್, ಕೂರ್ಗಳ್ಳಿ

ಮೇಲಿನವರು ಹೇಳಿದ್ದೆಲ್ಲ ಸರಿ. ನಿಲ್ಲಿಸುವ ಗುಂಡಿಯ ವಿಷಯ ಮಾತ್ರ ನಾನು ಸೇರಿಸುತ್ತೇನೆ, ಏಕೆಂದರೆ ಅದರಿಂದ ನಾನು ಪೆಟ್ಟು ತಿಂದಿದ್ದೇನೆ.

ಹಿಂದೆ ನಾನಿದ್ದ ಒಂದು ಕಡೆ ವಿಡಿಯೊ ಪರಿವರ್ತಿಸುವ ಕೆಲಸ ನಡೆಯುತ್ತಿತ್ತು. ‘ಎಕ್ಸೆಕ್’ ಒಳಗೆ ಎರಡು ಆಜ್ಞೆಗಳನ್ನು ಪೈಪ್ ಚಿಹ್ನೆಯಿಂದ ಜೋಡಿಸಿದ್ದೆವು. ಗುಂಡಿ ಒತ್ತಿದರೆ ಚೈಲ್ಡ್‌ನ ‘ಕಿಲ್’ ಕರೆಯುತ್ತಿದ್ದೆವು, ಪರದೆಯಲ್ಲಿ ನಿಂತಿತು ಎಂದು ಬರುತ್ತಿತ್ತು. ಆದರೆ ಯಂತ್ರ ಬಿಸಿಯಾಗಿಯೇ ಇರುತ್ತಿತ್ತು. ನಮ್ಮ ಚೈಲ್ಡ್ ಎಂದರೆ ಶೆಲ್. ನಾವು ಕೊಂದದ್ದು ಅದನ್ನು. ಅದು ಹುಟ್ಟಿಸಿದ ಎರಡು ಮೊಮ್ಮಕ್ಕಳು ಬದುಕಿಯೇ ಇದ್ದವು, ಅವುಗಳ ಹೊಣೆ ಮೂಲ ಪ್ರೊಸೆಸ್‌ಗೆ ಹೋಗಿತ್ತು. ಲಿನಕ್ಸ್‌ನಲ್ಲಿ ತಂದೆ ಸತ್ತರೆ ಮಕ್ಕಳು ತಾವಾಗಿಯೇ ಸಾಯುವುದಿಲ್ಲ. ತಿಂಗಳುಗಟ್ಟಲೆ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ.

ನೀವು ಸ್ಪಾನ್‌ನಲ್ಲಿ ಟೆಸರಾಕ್ಟ್ ಅನ್ನು ನೇರವಾಗಿ ಕರೆಯುತ್ತಿರುವುದರಿಂದ ಆ ತೊಂದರೆ ಇಲ್ಲ. ‘ಶೆಲ್’ ಆಯ್ಕೆಯನ್ನು ಯಾವತ್ತೂ ಹಾಕಬೇಡಿ. ಕಡತದ ಹೆಸರುಗಳನ್ನು ಅರೇ ರೂಪದಲ್ಲಿ ಕೊಟ್ಟರೆ ಹೆಸರಿನಲ್ಲಿ ಖಾಲಿ ಜಾಗವಿರಲಿ, ಉದ್ಧರಣ ಚಿಹ್ನೆಯಿರಲಿ, ಅದು ಹಾಗೆಯೇ ತಲುಪುತ್ತದೆ. ಶೆಲ್ ಮೂಲಕ ಹೋದರೆ ಹೆಸರಿನಲ್ಲಿರುವ ಒಂದು ಅರ್ಧವಿರಾಮ ಕೂಡ ಹೊಸ ಆಜ್ಞೆಯಾಗಿಬಿಡಬಹುದು. ಮುಂದೆ ಎಂದಾದರೂ ಮೊಮ್ಮಕ್ಕಳಿರುವ ಪ್ರೊಸೆಸ್ ನಡೆಸಬೇಕಾದರೆ ‘ಡಿಟ್ಯಾಚ್ಡ್’ ಆಯ್ಕೆ ಕೊಟ್ಟು ಹುಟ್ಟಿಸಿ. ಆಗ ಅದು ತನ್ನದೇ ಗುಂಪಿನ ಯಜಮಾನನಾಗುತ್ತದೆ, ಅದರ ಸಂಖ್ಯೆಯ ಮುಂದೆ ಋಣ ಚಿಹ್ನೆ ಹಾಕಿ ‘ಪ್ರೊಸೆಸ್ ಕಿಲ್’ ಕರೆದರೆ ಇಡೀ ಗುಂಪಿಗೆ ಸಿಗ್ನಲ್ ತಲುಪುತ್ತದೆ.

ನಿಲ್ಲಿಸುವಾಗ ಮೊದಲು ಮುಗಿಸು ಎಂದು ಕೇಳುವ ಸಿಗ್‌ಟರ್ಮ್ ಸಿಗ್ನಲ್ ಕಳುಹಿಸಿ, ಕೆಲವು ಸೆಕೆಂಡ್ ಕಾದು, ಆಗಲೂ ಹೋಗದಿದ್ದರೆ ಸಿಗ್‌ಕಿಲ್. ಅದೇ ‘ಕಿಲ್ -9’ರ 9ನೆಯ ಸಿಗ್ನಲ್, ಅದನ್ನು ಯಾವ ಪ್ರೊಸೆಸ್ ಕೂಡ ಹಿಡಿಯಲಾರದು. ಅರ್ಧ ಬರೆದ ಕಡತವನ್ನು ಮುಚ್ಚಲೂ ಅದಕ್ಕೆ ಅವಕಾಶ ಸಿಗುವುದಿಲ್ಲ.

ಇನ್ನೊಂದು. ನಿಮ್ಮ ನೋಡ್ ಪ್ರೋಗ್ರಾಂ ತಾನೇ ಕುಸಿದರೆ ನಾಲ್ಕು ಟೆಸರಾಕ್ಟ್‌ಗಳು ಅನಾಥವಾಗಿ ಓಡುತ್ತಿರುತ್ತವೆ. ಅದನ್ನು ಉಬುಂಟುವಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯ ಸರ್ವಿಸ್ ಆಗಿ ನಡೆಸಿ. ಸರ್ವಿಸ್ ನಿಂತರೆ ಅಥವಾ ಕುಸಿದರೆ ಆ ನಿಯಂತ್ರಣ ಗುಂಪಿನಲ್ಲಿರುವ ಎಲ್ಲ ಪ್ರೊಸೆಸ್‌ಗಳನ್ನೂ ಅದು ತಾನಾಗಿಯೇ ಗುಡಿಸಿ ಹಾಕುತ್ತದೆ, ಬೇರೇನೂ ಹೇಳಬೇಕಿಲ್ಲ.

ಟೆಸರಾಕ್ಟ್ ಒಂದೊಂದೂ ನಾಲ್ಕು ಥ್ರೆಡ್‌ವರೆಗೆ, ಅಂದರೆ ಒಂದೇ ಪ್ರೊಸೆಸ್ ಒಳಗೆ ಏಕಕಾಲಕ್ಕೆ ನಡೆಯುವ ನಾಲ್ಕು ಎಳೆಗಳವರೆಗೆ, ಬಳಸುತ್ತದೆ. ನಾಲ್ಕು ಪ್ರೊಸೆಸ್ ಎಂದರೆ ನಾಲ್ಕು ಕೋರ್‌ಗಳಿಗೆ ಹದಿನಾರು ಥ್ರೆಡ್‌ಗಳ ಕಿತ್ತಾಟ. ‘ಓಎಂಪಿ ಥ್ರೆಡ್ ಲಿಮಿಟ್’ ಎಂಬ ಪರಿಸರ ಚರಕ್ಕೆ 1 ಎಂದು ಕೊಟ್ಟು ನೋಡಿ. ವ್ಯತ್ಯಾಸ ನಿಮಗೇ ಕಾಣುತ್ತದೆ.


ನಾಲೆಏರಿ, ಮಂಡ್ಯ

ಮೂರು ದಿನಗಳ ನಂತರ ಬರೆಯುತ್ತಿದ್ದೇನೆ.

ಕೆರೆದಂಡೆ ಅವರೇ, ನೀವು ಹೆದರಿದ್ದೇ ನಿಜವಾಗಿತ್ತು. ನನ್ನ ಕೋಡ್‌ನಲ್ಲಿ ಅಕ್ಷರಶಃ ‘ಕೋಡ್ ಇದ್ದರೆ ದೋಷ’ ಎಂದೇ ಇತ್ತು. ನಾನು ಕೈಯಾರೆ ಕೊಂದ ಐದು ಸಂಪುಟಗಳ ಮುಂದೆ ಡೇಟಾಬೇಸ್‌ನಲ್ಲಿ ‘ಮುಗಿದಿದೆ’ ಎಂದು ಬರೆದಿತ್ತು. ಐದೂ ಅರ್ಧಕ್ಕೆ ಕಡಿದವು. ಮೇಷ್ಟ್ರು ಅವುಗಳಲ್ಲಿ ಒಂದನ್ನು ತಿದ್ದಿ ಮುಗಿಸಿ, ಈ ವರ್ಷದ ಪತ್ರಿಕೆ ಏಕೋ ಆಷಾಢಕ್ಕೇ ನಿಂತುಹೋಗಿದೆ ಎಂದು ನನಗೆ ಹೇಳಿಯೂ ಇದ್ದರು. ಆ ವರ್ಷ ಪತ್ರಿಕೆ ಬಂದಿಲ್ಲವೇನೋ ಎಂದುಕೊಂಡು ನಾನು ಸುಮ್ಮನಾಗಿದ್ದೆ. ನೀವು ಕೇಳದಿದ್ದರೆ ಏಳುನೂರಕ್ಕೂ ಹೆಚ್ಚು ಪುಟಗಳು ಹಾಗೆಯೇ ಕಾಣೆಯಾಗಿರುತ್ತಿದ್ದವು. ಸಂಪುಟಗಳನ್ನು ವಾಚನಾಲಯಕ್ಕೆ ಹಿಂತಿರುಗಿಸಿದ ಮೇಲೆ ಯಾರೂ ಹೋಲಿಸಿ ನೋಡುತ್ತಿರಲಿಲ್ಲ. ಈಗ ಕೋಡ್ ಸೊನ್ನೆ ಇದ್ದು, ಬಂದ ಪುಟಗಳ ಸಂಖ್ಯೆ ಪಟ್ಟಿಯ ಸಂಖ್ಯೆಗೆ ಹೊಂದಿದರೆ ಮಾತ್ರ ‘ಮುಗಿದಿದೆ’ ಎಂದು ಬರೆಯುತ್ತದೆ. ಟೆಸರಾಕ್ಟ್ ಪ್ರತಿ ಪುಟದ ಕೊನೆಯಲ್ಲಿ ಒಂದು ಫಾರ್ಮ್ ಫೀಡ್ ಚಿಹ್ನೆ ಹಾಕುತ್ತದೆ, ಅದನ್ನೇ ಎಣಿಸುತ್ತೇನೆ.

‘ಸೆಟ್‌ಎನ್‌ಕೋಡಿಂಗ್’ ಹಾಕಿದ ಮೇಲೆ ಒಂದೇ ಒಂದು ವಜ್ರದ ಗುರುತೂ ಇಲ್ಲ.

ಹಳೆಯಸರ್ವರ್ ಅವರೇ, ನಿಮ್ಮ ಥ್ರೆಡ್ ಸಲಹೆಯಿಂದ ಮೊದಲು ಎಲ್ಲವೂ ಕುಸಿದುಬಿದ್ದಿತು. ಅದನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಬರುವವರಿಗೆ ಬೇಕಾದೀತು. ‘ಎನ್ವ್’ ಆಯ್ಕೆಯಲ್ಲಿ ಆ ಒಂದೇ ಚರವನ್ನು ಕೊಟ್ಟೆ. ‘ಸ್ಪಾನ್ ಟೆಸರಾಕ್ಟ್ ಎನೋಎಂಟ್’, ಅಂದರೆ ಟೆಸರಾಕ್ಟ್ ಸಿಗಲಿಲ್ಲ, ಎಂದು ಹೇಳಿ ನೋಡ್ ಪ್ರೋಗ್ರಾಂ ಪೂರ್ತಿ ಸತ್ತಿತು. ಒಂದು ಗಂಟೆಗೆ ಮುಂಚೆ ಓಡುತ್ತಿದ್ದ ಟೆಸರಾಕ್ಟ್ ಎಲ್ಲಿಗೆ ಹೋಯಿತೆಂದು ತಲೆ ಕೆಟ್ಟಿತು. ‘ಎನ್ವ್’ ಕೊಟ್ಟರೆ ಅದು ಹಳೆಯ ಪರಿಸರಕ್ಕೆ ಸೇರುವುದಿಲ್ಲ, ಇಡಿಯಾಗಿ ಅದರ ಜಾಗಕ್ಕೆ ಬರುತ್ತದೆ. ಹಾಗಾಗಿ ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ‘ಪಾತ್’ ಚರ ಮಾಯವಾಗಿ, ನೋಡ್ ಹುಡುಕಿದ್ದು ಯುಎಸ್‌ಆರ್ ಬಿನ್ ಮತ್ತು ಬಿನ್ ಎಂಬ ಎರಡು ಕಡೆ ಮಾತ್ರ. ನಾನು ಕಂಪೈಲ್ ಮಾಡಿದ್ದು ಯುಎಸ್‌ಆರ್ ಲೋಕಲ್ ಬಿನ್‌ನಲ್ಲಿದೆ. ‘ಪ್ರೊಸೆಸ್ ಎನ್ವ್’ನಲ್ಲಿ ಇರುವುದನ್ನೆಲ್ಲ ಮೊದಲು ಹರಡಿ, ಅದರ ಮೇಲೆ ನಮ್ಮ ಚರವನ್ನು ಇಟ್ಟರೆ ಸರಿಹೋಗುತ್ತದೆ. ಪೂರ್ತಿ ಸತ್ತದ್ದಕ್ಕೆ ಕಾರಣ, ಚೈಲ್ಡ್‌ನ ‘ಎರರ್’ ಇವೆಂಟ್ ಅನ್ನು ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಹುಟ್ಟಲೇ ಆಗದ ಪ್ರೊಸೆಸ್‌ನ ಸುದ್ದಿ ಅಲ್ಲಿಗೆ ಬರುತ್ತದೆ, ಕೇಳುವವರಿಲ್ಲದಿದ್ದರೆ ಅದು ಪೇರೆಂಟ್‌ನನ್ನೇ ಉರುಳಿಸುತ್ತದೆ. ಈಗ ಎರಡೂ ತಿದ್ದಿದೆ. ಅದೇ ನಾಲ್ಕು ಕೋರ್‌ಗಳಲ್ಲಿ ಮೊದಲು ಇಡೀ ರಾತ್ರಿ ಹಿಡಿಯುತ್ತಿದ್ದ ನಾಲ್ಕು ಸಂಪುಟಗಳು ನಿನ್ನೆ ಸಂಜೆ ಅಂಗಡಿ ಮುಚ್ಚುವ ಮೊದಲೇ ಮುಗಿದವು.

ಸಿಸ್ಟಂಡಿ ಸರ್ವಿಸ್ ಕೂಡ ಮಾಡಿದ್ದೇನೆ. ಯುಪಿಎಸ್ ಕೈಕೊಟ್ಟು ಕರೆಂಟ್ ಹೋಗಿ ಬಂದಾಗ ತಾನಾಗಿಯೇ ಎದ್ದು, ಅರ್ಧಕ್ಕೆ ನಿಂತಿದ್ದ ಸಂಪುಟವನ್ನು ಮೊದಲಿನಿಂದ ಹಿಡಿಯಿತು.

ಅಪ್ಪನ ಪತ್ರ ಸಿಕ್ಕಿತು. ‘ಬೆಲ್ಲದ ಧಾರಣೆ’ ಎಂದು ಹುಡುಕಿದಾಗ ಎಂಟನೆಯ ಸಂಪುಟದ 204ನೆಯ ಪುಟ ಬಂತು. ನಾನು ‘ಕಿಲ್ -9’ ಕೊಟ್ಟ ಐದರಲ್ಲಿ ಅದೂ ಒಂದು. ಹನ್ನೆರಡು ಸಾಲಿನ ಪತ್ರ, ಕೆಳಗೆ ಊರಿನ ಹೆಸರು. ಟೆಸರಾಕ್ಟ್ ‘ಕೊಪ್ಪರಿಗೆ’ಯ ಪಕಾರದ ಒತ್ತನ್ನು ನುಂಗಿ ‘ಕೊಪರಿಗೆ’ ಎಂದು ಓದಿದೆ. ಅದನ್ನು ನಾನು ತಿದ್ದಲಿಲ್ಲ. ಅಪ್ಪ ನಾಳೆ ಬೆಳಿಗ್ಗೆ ಅಂಗಡಿಗೆ ಬರುತ್ತಾರೆ.